ಗಜಲಕ್ಷ್ಮಿಗೆ ಕಾನೂನಿದೆ, ಛತ್ರಕ್ಕಿಲ್ಲ

ಹಳೇ ಮೈಸೂರು ಕಡೆಯ ಒಂದು ಯಾತ್ರಾಸ್ಥಳದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಒಂದು ಹಳೇ ಛತ್ರ ಇದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಎರಡೂ ಕಡೆ ಜಗಲಿ, ನಡುವೆ ಕಲ್ಲಿನ ಬಾಗಿಲವಾಡ. ಬಾಗಿಲ ಮೇಲಿನ ಅಡ್ಡಗಲ್ಲಿನ ನಡುಮಧ್ಯೆ ಒಂದು ಗೇಣು ಎತ್ತರದ ಗಜಲಕ್ಷ್ಮಿ. ತಾವರೆಯ ಮೇಲೆ ಕೂತಿದ್ದಾಳೆ. ಎರಡು ಆನೆಗಳು ಸೊಂಡಿಲೆತ್ತಿ ಅವಳ ತಲೆಯ ಮೇಲೆ ನೀರೆರೆಯುತ್ತಿವೆ. ಎಣ್ಣೆ ಹಚ್ಚಿ ಹಚ್ಚಿ ಕಲ್ಲು ಕಪ್ಪಾಗಿ ಮಿನುಗುತ್ತದೆ. ಮೂಗು ಸವೆದಿದೆ, ಕಣ್ಣು ಈಗ ಎರಡು ಗೀರು ಅಷ್ಟೇ. ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ, ಮೇಲೆ ಒಣಗಿದ ಮಾವಿನ ತೋರಣ. ಬಲಗಡೆಯ ಆನೆಯ ಪಕ್ಕದಲ್ಲೇ ಕಲ್ಲಿಗೆ ತೂತು ಕೊರೆದು ಟ್ಯೂಬ್‌ಲೈಟ್ ಕೂರಿಸಿದ್ದಾರೆ. ಅದರ ವೈರು ದೇವಿಯ ತಲೆಯ ಮೇಲಿಂದಲೇ ಹಾದುಹೋಗಿದೆ.

ಒಳಗೆ ಹೋದರೆ ತೊಟ್ಟಿ. ಹಂಚು ಜಾರಿದ ಕಡೆ ಆಕಾಶ ಕಾಣುತ್ತದೆ. ಒಂದು ಕೋಣೆಯಲ್ಲಿ ಸಿಮೆಂಟ್ ಮೂಟೆ, ಇನ್ನೊಂದರಲ್ಲಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳು. ಅಡುಗೆಮನೆಯಲ್ಲಿ ಆಳೆತ್ತರದ ಮಸಿ, ಸಾಲಾಗಿ ಮಣ್ಣಿನ ಒಲೆಗಳು, ನೆಲದಲ್ಲೇ ಹೂತ ದೊಡ್ಡ ಒರಳು. ಅಲ್ಲಿ ಕೊನೆಯ ಸಲ ಅನ್ನ ಬೆಂದಿದ್ದು ಯಾವಾಗ ಅಂತ ಛತ್ರ ನೋಡಿಕೊಳ್ಳುವ ಹಿರಿಯರಿಗೂ ನೆನಪಿಲ್ಲ.

"ಯಜಮಾನರೇ, ವಿಗ್ರಹ ಹೀಗೆ ಬೀದೀಲೇ ಇದೆಯಲ್ಲ, ಭಯ ಇಲ್ವಾ?" ಅಂತ ಕೇಳಿದೆ.

"ಅಮ್ಮನ್ನ ಯಾರೂ ಮುಟ್ಟಲ್ಲ ಸ್ವಾಮಿ. ಮನೆ ಉಳಿಯುತ್ತೋ ಇಲ್ವೋ ಅದನ್ನ ಕೇಳಿ," ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಾನೂನುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಅವರ ಹೆದರಿಕೆ ಸರಿಯಾಗಿಯೇ ಇದೆ. ವಿಗ್ರಹ ಹಳೇದಾಗಿದ್ದರೆ ಅದಕ್ಕೆ ದೇಶದ ಕಾನೂನು ತಾನಾಗಿಯೇ ಅನ್ವಯಿಸುತ್ತದೆ. ವಿಗ್ರಹವನ್ನು ಹೊತ್ತಿರುವ ಮನೆ ಎಷ್ಟೇ ಹಳೇದಾಗಿದ್ದರೂ, ಸರ್ಕಾರ ಹೆಸರು ಹಿಡಿದು ಪಟ್ಟಿಗೆ ಸೇರಿಸದ ಹೊರತು, ಅದಕ್ಕೆ ಏನೂ ಇಲ್ಲ. ಒಂದೇ ಗೋಡೆಯಲ್ಲಿರುವ ಎರಡು ಕಲ್ಲುಗಳಿಗೆ ಎರಡು ಹಣೆಬರಹ. ಇದು ಹೇಗಾಯಿತು, ಇದರಿಂದ ಏನು ನಷ್ಟ, ದಾರಿ ಏನಾದರೂ ಇದೆಯಾ ಅಂತ ಬಿಡಿಸಿ ನೋಡೋಣ.

ಛತ್ರ ಅಂದರೆ ಮದುವೆಮನೆ ಅಷ್ಟೇ ಅಲ್ಲ

ಇವತ್ತು ಬೆಂಗಳೂರು, ಮೈಸೂರು ಕಡೆ ಛತ್ರ ಅಂದರೆ ಮದುವೆ ಛತ್ರ. "ಯಾವ ಛತ್ರ ಬುಕ್ ಆಯ್ತು?" ಅಂತಲೇ ಕೇಳುತ್ತೇವೆ. ಪದದ ಹಳೇ ಅರ್ಥ ಬೇರೆ. ಸತ್ರ, ಅನ್ನಸತ್ರ, ಛತ್ರ, ಎಲ್ಲವೂ ದಾರಿಹೋಕರಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ಮನೆಗಳು. ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವುದು ಅರವಟ್ಟಿಗೆ. ಇಂಗ್ಲಿಷಿನವರು ಇವನ್ನು ಚೌಲ್ಟ್ರಿ ಅಂದರು. ಆ ಪದ ನಮ್ಮ ಚಾವಡಿಯ ಬಳಗದಿಂದಲೇ ಹೋದದ್ದು.

ಛತ್ರದಲ್ಲಿ ಏನೇನು ನಡೆಯುತ್ತಿತ್ತು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ತಂಜಾವೂರಿನದು. ಅಲ್ಲಿನ ಮರಾಠ ದೊರೆಗಳು ರಾಮೇಶ್ವರದ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದ್ದರು. 1801ರಲ್ಲಿ ಎರಡನೇ ಸರ್ಫೋಜಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗೆ ಪತ್ರ ಬರೆದು, ಛತ್ರಗಳ ಆದಾಯಕ್ಕೆ ಕೈಹಾಕಬೇಡಿ ಅಂತ ಬೇಡಿಕೊಂಡ. ಎಲ್ಲ ಜಾತಿಯ ದಾರಿಹೋಕರಿಗೆ ಊಟ, ಕಾಯಿಲೆ ಬಿದ್ದವರಿಗೆ ಔಷಧಿ, ಹೆರಿಗೆಗೆ ಬಂದ ಹೆಂಗಸರಿಗೆ ಆರೈಕೆ, ಓದುವ ಮಕ್ಕಳಿಗೆ ಪಾಠ, ಅಲ್ಲೇ ತೀರಿಕೊಂಡವರಿಗೆ ಅವರವರ ಪದ್ಧತಿಯಂತೆ ಸಂಸ್ಕಾರ. ಇವೆಲ್ಲ ಛತ್ರದ ಕೆಲಸ ಅಂತ ವಿವರಿಸಿದ. ಮರುವರ್ಷ ಒರತ್ತನಾಡಿನಲ್ಲಿ ಮುಕ್ತಾಂಬಾಳ್ ಹೆಸರಿನಲ್ಲಿ ದೊಡ್ಡ ಛತ್ರವನ್ನೇ ಕಟ್ಟಿಸಿದ. ರಥದ ಹಾಗೆ ಕಾಣುವಂತೆ ಅದಕ್ಕೆ ಕುದುರೆ, ಆನೆಗಳನ್ನು ಕೆತ್ತಿಸಿದ.

ಹಾಗಾಗಿ ಛತ್ರದ ಬಾಗಿಲಲ್ಲಿ ಗಜಲಕ್ಷ್ಮಿಯೋ ಗಣಪತಿಯೋ ಇರುವುದು ಸುಮ್ನೆ ಅಂದಕ್ಕಲ್ಲ. ದಿನವಿಡೀ ನಡೆದು, ಹಸಿದು, ಕತ್ತಲಲ್ಲಿ ಊರು ಸೇರಿದವನಿಗೆ ಮೊದಲು ಕಾಣುತ್ತಿದ್ದದ್ದು ಆ ದೀಪ, ಆ ದೇವಿ. ಒಳಗೆ ಅನ್ನ ಇದೆ ಅನ್ನುವುದಕ್ಕೆ ಅವಳೇ ಬೋರ್ಡು. ದೇವಸ್ಥಾನದೊಳಗಿನ ವಿಗ್ರಹಕ್ಕೂ ಇವಳಿಗೂ ಇರುವ ವ್ಯತ್ಯಾಸ ಅದೇ. ಇವಳು ಇರುವುದೇ ಆ ಮನೆಯನ್ನು ತೋರಿಸಲು.

ವಿಗ್ರಹಕ್ಕೆ ಏನಿದೆ

1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕಿಂತ ಹಳೆಯ ಶಿಲ್ಪ ಇದರ ಪ್ರಕಾರ ಪುರಾವಸ್ತು. ಅದು ಅರಮನೆಯದ್ದಾಗಲಿ, ದನದ ಕೊಟ್ಟಿಗೆಯದ್ದಾಗಲಿ, ವ್ಯತ್ಯಾಸ ಇಲ್ಲ. ಹಳೇ ಕಲ್ಲಿನ, ಲೋಹದ ಶಿಲ್ಪಗಳು ಯಾರ ಹತ್ತಿರ ಇವೆಯೋ ಅವರು ನೋಂದಣಿ ಅಧಿಕಾರಿಯ ಬಳಿ ದಾಖಲಿಸಬೇಕು. ಲೈಸೆನ್ಸ್ ಇಲ್ಲದೆ ಪುರಾವಸ್ತುವಿನ ವ್ಯಾಪಾರ ಮಾಡುವಂತಿಲ್ಲ. ದೇಶದಾಚೆ ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು.

ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ಸಾಲು ಇದೆ. 1958ರ ಸ್ಮಾರಕ ಕಾಯ್ದೆಯಲ್ಲೂ ಅದೇ ಇದೆ. ಪುರಾವಸ್ತು ಅಂದರೆ ಯಾವುದೆಲ್ಲ ಅಂತ ಹೇಳುವಾಗ, 'ಕಟ್ಟಡದಿಂದ ಅಥವಾ ಗುಹೆಯಿಂದ ಬೇರ್ಪಟ್ಟ ವಸ್ತು' ಅನ್ನುವುದನ್ನೂ ಸೇರಿಸಿದ್ದಾರೆ. ಒಳ್ಳೆಯ ಉದ್ದೇಶದಿಂದಲೇ ಸೇರಿಸಿದ್ದು. ದೇವಸ್ಥಾನದಿಂದ ಕಿತ್ತುತಂದ ಕಂಬ, ಬೋದಿಗೆ, ಬಾಗಿಲವಾಡ ಇವೆಲ್ಲ ತಪ್ಪಿಸಿಕೊಳ್ಳಬಾರದಲ್ಲ. ಆದರೆ ಒಂದು ಕ್ಷಣ ನಿಂತು ಯೋಚಿಸಿ. ನಮ್ಮ ಛತ್ರದ ಕಂಬ ಗೋಡೆಯಲ್ಲಿದ್ದಾಗ ಅದು ಒಂದು ಹಳೇ ಮನೆಯ ಕಂಬ. ಕಿತ್ತು ಬೀದಿಗೆ ಬಂದಾಗ ಅದು ಪುರಾವಸ್ತು. ತನ್ನ ಜಾಗ ಕಳೆದುಕೊಂಡ ಮೇಲೆ ಕಾನೂನಿನ ಕಣ್ಣಿಗೆ ಬೀಳುತ್ತದೆ.

ನೋಂದಣಿಗೆ ಜನ ಹೆದರುತ್ತಾರೆ. ಬರೆಸಿದರೆ ಸರ್ಕಾರ ಎತ್ತಿಕೊಂಡು ಹೋಗಿ ಮ್ಯೂಸಿಯಮ್ಮಿನಲ್ಲಿ ಇಡುತ್ತದೆ ಅನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತೇವೆ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಗೊತ್ತಿರಬೇಕು. ಪುರಾವಸ್ತುವನ್ನು ಸರ್ಕಾರ ಕಡ್ಡಾಯವಾಗಿ ವಶಕ್ಕೆ ಪಡೆಯುವ ಅಧಿಕಾರ ಕಾಯ್ದೆಯಲ್ಲಿದೆ, ನಿಜ. ಆದರೆ ನಿಜವಾಗಿಯೂ ಪೂಜೆಯಲ್ಲಿರುವ ವಸ್ತುವಿಗೆ ಆ ಅಧಿಕಾರ ಅನ್ವಯಿಸುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಗಜಲಕ್ಷ್ಮಿಯ ಹಣೆಯ ಕುಂಕುಮ ಅವಳಿಗೆ ಕಾವಲೂ ಹೌದು.

ಮನೆಗೆ ಏನಿದೆ

ಕಟ್ಟಡದ ಕಥೆ ಬೇರೆ. 1958ರ ಕೇಂದ್ರ ಕಾಯ್ದೆಯಲ್ಲಾಗಲಿ, 1961ರ ನಮ್ಮ ರಾಜ್ಯದ ಕಾಯ್ದೆಯಲ್ಲಾಗಲಿ, ಕಟ್ಟಡ ಹಳೇದಾಗಿದ್ದರೆ ಸಾಲದು. ಸರ್ಕಾರ ಅಧಿಸೂಚನೆ ಹೊರಡಿಸಿ 'ಸಂರಕ್ಷಿತ' ಅಂತ ಘೋಷಿಸಬೇಕು. ಕೇಂದ್ರದ ಕಾಯ್ದೆಯಲ್ಲಾದರೆ ಎರಡು ತಿಂಗಳ ನೋಟಿಸ್ ಕೊಟ್ಟು, ಆಕ್ಷೇಪಣೆ ಕೇಳಬೇಕು. ಇಡೀ ದೇಶದಲ್ಲಿ ಹೀಗೆ ಕೇಂದ್ರದ ಪಟ್ಟಿಗೆ ಸೇರಿದ ಸ್ಮಾರಕಗಳು 3,700ಕ್ಕೆ ಹತ್ತಿರ. ಅದರಲ್ಲಿ 500ಕ್ಕೂ ಹೆಚ್ಚು ಕರ್ನಾಟಕದವೇ. ಕೋಟೆ, ದೇವಸ್ಥಾನ, ಬಸದಿ, ಗುಮ್ಮಟಗಳ ನಡುವೆ ಬಡಪಾಯಿ ಛತ್ರಕ್ಕೆ ಜಾಗ ಸಿಗುವುದು ಕಷ್ಟ. ಮಣ್ಣಿನ ಗೋಡೆ, ಮರದ ಕಂಬ, ಹಂಚಿನ ಮಾಡು. ನೋಡಿದವರಿಗೆ ಅದು ಒಂದು ಹಳೇ ಮನೆ.

ಪಟ್ಟಿಗೆ ಸೇರಿಸೋಣ ಅಂದರೆ ಅಕ್ಕಪಕ್ಕದವರೇ ಬೇಡ ಅನ್ನುತ್ತಾರೆ. ಅವರದ್ದು ತಪ್ಪು ಅನ್ನಲಾರೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಂದು ಸಣ್ಣ ಊರಿನ ದೇವಸ್ಥಾನದ ಬೀದಿಯಲ್ಲಿ 100 ಮೀಟರ್ ಅಂದರೆ ಅರ್ಧ ಊರು. ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಕಟ್ಟಿಸಬೇಕು ಅಂತಿರುವವರು ಪಕ್ಕದ ಛತ್ರ ಸ್ಮಾರಕ ಆಗಲಿ ಅಂತ ಯಾಕೆ ಬಯಸುತ್ತಾರೆ? ದೊಡ್ಡ ಸ್ಮಾರಕಕ್ಕೆ ಹೊಲಿದ ಅಂಗಿಯನ್ನು ಸಣ್ಣದಕ್ಕೂ ತೊಡಿಸಲು ಹೋದರೆ ಹೀಗೇ ಆಗುವುದು.

ಇನ್ನು ಮಾಲೀಕರು ಯಾರು ಅನ್ನುವ ಗೋಜಲು. ಕೆಲವು ಛತ್ರ ಮುಜರಾಯಿಗೆ ಸೇರಿದ್ದು, ಕೆಲವು ಮಠಕ್ಕೆ, ಕೆಲವು ಕುಟುಂಬದ ಟ್ರಸ್ಟಿಗೆ, ಕೆಲವು ಪುರಸಭೆಗೆ. ಮುಜರಾಯಿ ಕಾನೂನು ಆಸ್ತಿ ಮಾರಾಟವನ್ನು ತಡೆಯಬಲ್ಲದು. ಆದರೆ ಅದು ಪಾರಂಪರಿಕ ಕಟ್ಟಡ ಉಳಿಸಲು ಮಾಡಿದ ಕಾನೂನಲ್ಲ. ಹಳೇದನ್ನು ಕೆಡವಿ ಅದೇ ಜಾಗದಲ್ಲಿ ಕಾಂಕ್ರೀಟಿನ ಯಾತ್ರಿನಿವಾಸ ಕಟ್ಟಿದರೆ ಆಸ್ತಿ ಎಲ್ಲೂ ಹೋಗಲಿಲ್ಲ. ಛತ್ರ ಮಾತ್ರ ಹೋಯಿತು.

ಛತ್ರಗಳು ಈ ಸ್ಥಿತಿಗೆ ಬಂದಿದ್ದಕ್ಕೆ ರೈಲು, ಬಸ್ಸು, ಲಾಡ್ಜುಗಳನ್ನು ದೂರುವವರು ಜಾಸ್ತಿ. ಅದು ಅರ್ಧ ಕಾರಣ. ಇನ್ನರ್ಧ ಜಮೀನು. ಛತ್ರ ಕಟ್ಟಿಸಿದವರು ಬರೀ ಗೋಡೆ ಎಬ್ಬಿಸಿ ಹೋಗುತ್ತಿರಲಿಲ್ಲ, ಖರ್ಚಿಗೆ ಭೂಮಿ ಬಿಟ್ಟು ಹೋಗುತ್ತಿದ್ದರು. ಆ ಭೂಮಿಯ ಭತ್ತವೇ ಛತ್ರದ ಅನ್ನ, ಆ ಹಣವೇ ವರ್ಷ ವರ್ಷ ಹಂಚು ತಿರುವುವ ಕೂಲಿ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, ಆಮೇಲೆ ಬಂದ ಭೂಸುಧಾರಣೆ, ಇವು ಉಳುವವನಿಗೆ ಭೂಮಿ ಕೊಟ್ಟವು. ಅದು ಆಗಲೇಬೇಕಿದ್ದ ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಧರ್ಮಸಂಸ್ಥೆಗಳಿಗೆ ಅದರ ಬದಲು ಸಿಕ್ಕಿದ್ದು ವರ್ಷಕ್ಕಿಷ್ಟು ಅಂತ ಗೊತ್ತುಮಾಡಿದ ಹಣ. ದೇವಸ್ಥಾನಗಳಿಗೆ ಇವತ್ತಿಗೂ ಅದು ತಸ್ತೀಕು ಅನ್ನುವ ಹೆಸರಿನಲ್ಲಿ ಬರುತ್ತದೆ. ಪೂಜೆಗೇ ಸಾಲದು ಅಂತ ಅರ್ಚಕರು ಹೇಳುವ ಹಣದಲ್ಲಿ ಛತ್ರದ ಮಾಡು ರಿಪೇರಿ ಆಗುವ ಮಾತೆಲ್ಲಿ? ನಮ್ಮ ಛತ್ರದಲ್ಲಿ ಜಾರಿದ ಹಂಚಿಗೂ ಎಪ್ಪತ್ತು ವರ್ಷ ಹಿಂದಿನ ಒಂದು ಕಾಯ್ದೆಗೂ ನಂಟಿದೆ.

ಹೊರೆ ಹೊತ್ತ ದೇವಿ

ವಿಗ್ರಹ ಉಳಿದರೆ ಸಾಕಲ್ಲ, ಮನೆ ಹೋದರೆ ಹೋಗಲಿ ಅನ್ನುವವರಿದ್ದಾರೆ. ಅವರಿಗಾಗಿ ಮತ್ತೆ ಆ ಬಾಗಿಲಿಗೆ ಹೋಗೋಣ.

ಗಜಲಕ್ಷ್ಮಿ ಇರುವುದು ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ. ಆ ಕಲ್ಲಿನ ಎರಡು ತುದಿ ಬಾಗಿಲವಾಡದ ಕಲ್ಲುಗಳ ಮೇಲೆ ಕೂತಿವೆ. ಮೇಲಿನ ಗೋಡೆಯ ಭಾರ, ಅದರ ಮೇಲಿನ ತೊಲೆ, ಹಂಚು, ಎಲ್ಲ ಆ ಕಲ್ಲಿನ ಮೇಲೆ. ಅಂದರೆ ಅವಳು ಗೋಡೆಗೆ ಅಂಟಿಸಿದ ಅಲಂಕಾರ ಅಲ್ಲ. ಮನೆಯ ಬಾಯಿ ಮುಚ್ಚಿಹೋಗದಂತೆ ಹೊರೆ ಹೊತ್ತು ನಿಂತಿರುವವಳು. ಅವಳನ್ನು ಕಿತ್ತರೆ ಬಾಗಿಲ ಮೇಲಿನ ಗೋಡೆ ಕುಸಿಯುತ್ತದೆ. ಗೋಡೆ ಕೆಟ್ಟರೆ ಆ ಕಲ್ಲು ಬಿರುಕು ಬಿಡುತ್ತದೆ.

ಗೋಡೆ ಹೇಗೆ ಕೆಡುತ್ತದೆ ಅನ್ನುವುದೂ ಮುಖ್ಯ. ಹಳೇ ಗೋಡೆಗೆ ಹಾಕಿದ್ದು ಸುಣ್ಣದ ಗಾರೆ. ಅದು ನೀರು ಕುಡಿದರೂ ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ತೇವ ಆಗ ಕಲ್ಲಿನ ಕಡೆ ಹೊರಳುತ್ತದೆ. ಜೊತೆಗೆ ಬಂದ ಉಪ್ಪು ಕಲ್ಲಿನ ಮೈಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಮೇಲ್ಪದರ ಸಿಪ್ಪೆಯ ಹಾಗೆ ಏಳುತ್ತದೆ. ನಮ್ಮ ಛತ್ರದ ಜಗಲಿಯ ಮೇಲೆ ಎರಡು ಅಡಿ ಎತ್ತರಕ್ಕೆ ಸಿಮೆಂಟ್ ಬಳಿದಿದ್ದಾರೆ. ಅದರ ಅಂಚಿಗೆ ಸರಿಯಾಗಿ ಬಾಗಿಲವಾಡದ ಕಲ್ಲಿನಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಉಗುರು ತಾಗಿಸಿದರೆ ಪುಡಿ ಉದುರಿತು. ಒಳ್ಳೆಯದಾಗಲಿ ಅಂತಲೇ ಯಾರೋ ಕೈಯಿಂದ ದುಡ್ಡು ಹಾಕಿ ಮಾಡಿಸಿದ ಕೆಲಸ ಅದು.

ವಿಗ್ರಹವನ್ನು ಕಾಯುವ ಕಾನೂನು ಈ ಸಿಮೆಂಟನ್ನು ತಡೆಯುವುದಿಲ್ಲ. ಕಳ್ಳನನ್ನು ಹಿಡಿಯಬಲ್ಲದು, ಮಳೆನೀರನ್ನಲ್ಲ.

ಜಾಗವೇ ಸಾಕ್ಷಿ

ಕಳ್ಳತನದ ವಿಷಯಕ್ಕೇ ಬಂದರೂ ಜಾಗ ಇಲ್ಲದೆ ಕಾನೂನು ಕುಂಟುತ್ತದೆ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ನೆಲದಡಿ ಸಿಕ್ಕಿದ ನಟರಾಜ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. ಅದು ನಮ್ಮದೇ ಅಂತ ಅಲ್ಲಿನ ಕೋರ್ಟಿನಲ್ಲಿ ಸಾಧಿಸಬೇಕಾಯಿತು. ವಿಗ್ರಹಕ್ಕೆ ಅಂಟಿದ್ದ ಮಣ್ಣನ್ನು ಊರಿನ ಮಣ್ಣಿನ ಜೊತೆ ಹೋಲಿಸಿದರು. ಅದೇ ದೇವಸ್ಥಾನದಲ್ಲಿ ಸಿಕ್ಕಿದ ಬೇರೆ ವಿಗ್ರಹಗಳ ಜೊತೆ ಹೋಲಿಸಿದರು. ಪಾಳುಬಿದ್ದ ದೇವಸ್ಥಾನದ ಪರವಾಗಿಯೇ ದಾವೆ ನಡೆಯಿತು. 1988ರಲ್ಲಿ ಗೆದ್ದು, 1991ರಲ್ಲಿ ಮೇಲ್ಮನವಿಯೂ ಮುಗಿದು ನಟರಾಜ ಮನೆಗೆ ಬಂದ.

ಅರಿಯಲೂರು ಜಿಲ್ಲೆಯ ಶ್ರೀಪುರಂತನ್ ದೇವಸ್ಥಾನದಿಂದ ಕಳುವಾದ ಇನ್ನೊಂದು ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತ್ತು. 2014ರಲ್ಲಿ ಅದು ವಾಪಸ್ ಬರಲು ದೊಡ್ಡ ಆಸರೆಯಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೇ ಕಪ್ಪುಬಿಳುಪು ಫೋಟೋಗಳು. ಆ ಸಂಸ್ಥೆ 1950ರ ದಶಕದಿಂದ ಹಳ್ಳಿ ಹಳ್ಳಿ ಸುತ್ತಿ, ವಿಗ್ರಹಗಳನ್ನು ಅವು ಇದ್ದ ಜಾಗದಲ್ಲೇ ಫೋಟೋ ತೆಗೆದಿಟ್ಟಿತ್ತು.

ದೇವಸ್ಥಾನದ ವಿಗ್ರಹಗಳಿಗೇ ಇಷ್ಟು ಕಷ್ಟ. ಛತ್ರದ ಬಾಗಿಲ ಕಲ್ಲಿನ ಫೋಟೋ ಯಾರು ತೆಗೆದಿದ್ದಾರೆ? 2007ರಲ್ಲಿ ಶುರುವಾದ ಸ್ಮಾರಕ ಮತ್ತು ಪುರಾವಸ್ತುಗಳ ರಾಷ್ಟ್ರೀಯ ಅಭಿಯಾನ ಲಕ್ಷಾಂತರ ವಸ್ತುಗಳನ್ನು ದಾಖಲಿಸಿದೆ. ಆದರೂ ದೇಶದಲ್ಲಿ ಇರಬಹುದಾದ ಪುರಾವಸ್ತುಗಳ ಅಂದಾಜಿಗೆ ಹೋಲಿಸಿದರೆ ಅದು ಸಣ್ಣ ಪಾಲು. ಮೊದಲು ಊರಿನ ಹೆಸರು ಬರೆಯಲಿಲ್ಲ ಅಂದೆನಲ್ಲ, ಕಾರಣ ಇದೇ. ದಾಖಲೆ ಇಲ್ಲದ ವಿಗ್ರಹದ ವಿಳಾಸವನ್ನು ಜಗತ್ತಿಗೆ ಸಾರಿದರೆ ಅನುಕೂಲ ಆಗುವುದು ತಪ್ಪು ಜನಕ್ಕೆ. ಅಧಿಕಾರಿಗಳ ಕಡತದಲ್ಲಿ ವಿಳಾಸ ಇರಬೇಕು, ಬೀದಿಯಲ್ಲಲ್ಲ.

ದಾಖಲೆ ಇದ್ದರೂ ಸಾಲದು ಅನ್ನುವುದಕ್ಕೆ 2024ರ ಮಾರ್ಚ್ ಸಾಕ್ಷಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಪಟ್ಟಿಯಿಂದ 18 ಸ್ಮಾರಕಗಳನ್ನು ಕೈಬಿಡಲು ಹೊರಟಿತು. ಅದರಲ್ಲಿ ಒಂದು ಹರಿಯಾಣದ ಮುಜೇಸರ್‌ನ ಕೋಸ್ ಮಿನಾರ್. ಮೊಘಲರ ಕಾಲದ ಹೆದ್ದಾರಿಯಲ್ಲಿ ದಾರಿ ಅಳೆಯಲು ನಿಲ್ಲಿಸಿದ ಗೋಪುರ. ದಾರಿಹೋಕರಿಗಾಗಿ ಕಟ್ಟಿದವು ಹೀಗೇ ಸದ್ದಿಲ್ಲದೆ ಹೋಗುತ್ತವೆ. ದಾರಿ ಬದಲಾದ ಮೇಲೆ ಅವಕ್ಕೆ ಕೇಳುವವರಿರುವುದಿಲ್ಲ.

ಖಾಲಿ ಮಾಡಿ ಉಳಿಸಬಹುದಾ?

ಕಟ್ಟಡಕ್ಕೆ ರಕ್ಷಣೆ ಕೊಟ್ಟೆವು ಅಂತಲೇ ಇಟ್ಟುಕೊಳ್ಳಿ. ಆಮೇಲೆ ಏನು? ಹಂಪಿಯನ್ನು ನೋಡೋಣ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಜಾತ್ರೆಗೆ ಬಂದವರು ಇಳಿದುಕೊಳ್ಳುತ್ತಿದ್ದರು, ಅಂಗಡಿ ಇಡುತ್ತಿದ್ದರು. ಕಾಲಾಂತರದಲ್ಲಿ ಅಲ್ಲೇ ಸಂಸಾರಗಳು ನೆಲೆಸಿದವು. ಕಂಬಗಳ ನಡುವೆ ಗೋಡೆ ಎದ್ದವು, ಗೆಸ್ಟ್‌ಹೌಸ್ ಬಂದವು. ಸ್ಮಾರಕಕ್ಕೆ ಪೆಟ್ಟಾಗಿತ್ತು, ಸುಳ್ಳಲ್ಲ. 2011ರ ಜುಲೈನಲ್ಲಿ ಜೆಸಿಬಿ ತಂದು ತೆರವು ಮಾಡಿದರು. ಆ ಮನೆಗಳವರು ಬೀದಿಪಾಲಾದರು. ಮಂಟಪಗಳು ಖಾಲಿಯಾದವು. 2024ರ ಮೇ ತಿಂಗಳ ಮಳೆಗೆ ಅದೇ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಕಲ್ಲು ಸರಿದದ್ದನ್ನು ಮೊದಲು ಗಮನಿಸುವುದು ಅದರ ಕೆಳಗೆ ಮಲಗುವವನು.

ಮದುರೆಯಲ್ಲಿ ಇನ್ನೊಂದು ಮುಖ ಇದೆ. ತಿರುಮಲ ನಾಯಕ ಕಟ್ಟಿಸಿದ ಪುದು ಮಂಟಪವನ್ನು ಇಂಗ್ಲಿಷರು 'ತಿರುಮಲನ ಚೌಲ್ಟ್ರಿ' ಅಂತಲೇ ಕರೆದರು. ನಿಜವಾಗಿ ಅದು ಮೀನಾಕ್ಷಿ ದೇವಸ್ಥಾನದ ವಸಂತೋತ್ಸವದ ಮಂಟಪ. 124 ಕಂಬಗಳು, ಕಂಬ ಕಂಬಕ್ಕೂ ಕೆತ್ತನೆ. ಆ ಕೆತ್ತನೆಗಳ ಕಾಲಬುಡದಲ್ಲಿ ತಲೆಮಾರುಗಳಿಂದ ದರ್ಜಿಗಳು, ಬಳೆ, ಪುಸ್ತಕ, ಪಾತ್ರೆ ಅಂಗಡಿಗಳು. 2018ರ ಫೆಬ್ರವರಿಯಲ್ಲಿ ಮೀನಾಕ್ಷಿ ದೇವಸ್ಥಾನದ ವೀರವಸಂತರಾಯ ಮಂಟಪದ ಅಂಗಡಿಗಳಿಗೆ ಬೆಂಕಿ ಬಿದ್ದು ಕಲ್ಲಿನ ಕಂಬಗಳೇ ಉರುಳಿದವು. ಅದಾದ ಮೇಲೆ ಅಂಗಡಿಗಳು ಬೇಡ ಅನ್ನುವ ವಾದಕ್ಕೆ ಬಲ ಬಂತು. ಪುದು ಮಂಟಪದ ಅಂಗಡಿಯವರನ್ನು ಹತ್ತಿರದ ಕುನ್ನತ್ತೂರು ಛತ್ರಕ್ಕೆ ಸ್ಥಳಾಂತರಿಸಿದರು. ಇಲ್ಲಿ ನನಗೆ ತೆರವು ಸರಿ ಅನ್ನಿಸುತ್ತದೆ. ಬೆಂಕಿಗೂ ಬಟ್ಟೆಗೂ ಕೆತ್ತನೆಗೂ ಒಂದೇ ಸೂರು ಆಗದು. ಹೋಗಲು ಜಾಗ ತೋರಿಸಿಯೇ ಎಬ್ಬಿಸಿದರು ಅನ್ನುವುದೂ ದೊಡ್ಡದು.

ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಮೂರನೆಯ ದಾರಿ. 1903ರಲ್ಲಿ ಶುರುವಾಯಿತು. ರೈಲಿಳಿದು ಪೆಟ್ಟಿಗೆ ಹಿಡಿದು ಬಂದವರಿಗೆ ತಂಗಲು ಜಾಗ, ಜೊತೆಗೆ ಓದುವ ಹುಡುಗರಿಗೆ ಹಾಸ್ಟೆಲ್. ಆ ಹಾಸ್ಟೆಲಿನಲ್ಲಿ ಓದಿ ಮುಂದೆ ಬಂದವರು ನಾಡಿನ ತುಂಬ ಇದ್ದಾರೆ. ನೂರಿಪ್ಪತ್ತು ವರ್ಷ ಆದರೂ ಜನ ಬಂದು ಇಳಿದುಕೊಳ್ಳುತ್ತಾರೆ. ಹಾಗಾಗಿ ಅದರ ಬಗ್ಗೆ ಕೇಳುವವರಿದ್ದಾರೆ. ಛತ್ರ ಛತ್ರವಾಗಿಯೇ ಇದ್ದರೆ ಸುಣ್ಣ ಬಣ್ಣ ಕಾಣುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ನೋಡಬೇಕೆಂದರೆ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಬೇಕು. 1912ರಲ್ಲಿ ಅಲ್ಲಿನ ಒಬ್ಬ ಮಹಿಳೆ ಪ್ರವಾಸಕ್ಕೆಂದು ಮದುರೆಗೆ ಬಂದರು. ಮದನಗೋಪಾಲಸ್ವಾಮಿ ದೇವಸ್ಥಾನದಲ್ಲಿ ರಾಶಿ ಬಿದ್ದಿದ್ದ ಮಂಟಪದ ಕಲ್ಲುಗಳನ್ನು ಕೊಂಡರು. 1919ರಲ್ಲಿ ಅವು ಅಲ್ಲಿನ ಕಲಾ ಸಂಗ್ರಹಾಲಯಕ್ಕೆ ಸೇರಿದವು. ಇವತ್ತು ಕಂಬಗಳು ಅಚ್ಚುಕಟ್ಟಾಗಿವೆ, ತಣ್ಣಗಿನ ಕೋಣೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ. ಒಂದು ಕಲ್ಲೂ ಸವೆಯುವುದಿಲ್ಲ. ಯಾರೂ ಅಲ್ಲಿ ಕಂಬಕ್ಕೊರಗಿ ಬುತ್ತಿ ಬಿಚ್ಚುವುದೂ ಇಲ್ಲ.

ಫ್ರಾನ್ಸಿಗೂ ಇದೇ ಪೇಚು

ವಿಗ್ರಹ ಬೇರೆ, ಕಟ್ಟಡ ಬೇರೆ ಅಂತ ನೋಡುವುದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಯೂರೋಪಿನ ಹಳೇ ಊರುಗಳಲ್ಲಿ ತಂಗುಮನೆಗಳ ಮೂಲೆಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಮೇರಿಯೋ ಒಬ್ಬ ಸಂತನೋ ಇರುವುದು ಸಾಮಾನ್ಯ. ಫ್ರಾನ್ಸಿನ 1913ರ ಸ್ಮಾರಕ ಕಾನೂನಿನ ಪ್ರಕಾರ, ಕಟ್ಟಡ ಪಟ್ಟಿಯಲ್ಲಿ ಇಲ್ಲದಿದ್ದರೂ ಅಂಥ ವಿಗ್ರಹವೊಂದನ್ನೇ ರಕ್ಷಿತ ಅಂತ ಘೋಷಿಸಬಹುದು. ನಮಗಿಂತ ಒಂದು ಹೆಜ್ಜೆ ಮುಂದೆ. ಆದರೂ ಅಲ್ಲಿ ಒಂದು ದೊಡ್ಡ ಎಡವಟ್ಟಾಯಿತು.

ಸ್ಪೇನ್ ಗಡಿಗೆ ಹತ್ತಿರದ ಕಾಜ಼ನೋವ್ ಅನ್ನುವ ಕಡೆ ಒಂದು ಸಣ್ಣ ಹಳೇ ಚರ್ಚು. ಅದರ ಗೋಡೆಯ ಮೇಲೆ ನೂರಾರು ವರ್ಷ ಹಳೆಯ ಚಿತ್ರಗಳು. ಜಾಗದ ಮಾಲೀಕರಲ್ಲಿ ಕೆಲವರು ಉಳಿದವರ ಒಪ್ಪಿಗೆ ಇಲ್ಲದೆ 1954ರಲ್ಲಿ ಆ ಚಿತ್ರಗಳನ್ನು ಹಳೇ ವಸ್ತುಗಳ ವ್ಯಾಪಾರಿಯೊಬ್ಬನಿಗೆ ಮಾರಿದರು. ಅವನು ಗೋಡೆಯಿಂದ ಎಬ್ಬಿಸಿ ತೆಗೆದ. ಅವು ಸ್ವಿಟ್ಜರ್ಲೆಂಡ್ ಸೇರಿದವು. ಉಳಿದ ಮಾಲೀಕರು ಕೋರ್ಟಿಗೆ ಹೋದರು. ಪ್ರಶ್ನೆ ಒಂದೇ. ಗೋಡೆಯಿಂದ ಎಬ್ಬಿಸಿದ ಚಿತ್ರ ಸ್ಥಿರಾಸ್ತಿಯೋ, ಚರಾಸ್ತಿಯೋ? 1988ರಲ್ಲಿ ಫ್ರಾನ್ಸಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಹೇಳಿತು: ಗೋಡೆ ಬಿಟ್ಟ ಕ್ಷಣ ಅದು ಚರಾಸ್ತಿ. ಜಿನೀವಾದ ಸಂಗ್ರಹಾಲಯದಲ್ಲಿದ್ದ ಭಾಗ ಆ ಸೀಮೆಗೆ ಮರಳಲು ಮತ್ತೂ ಹಲವು ವರ್ಷ ಹಿಡಿಯಿತು.

2016ರ ಜುಲೈನಲ್ಲಿ ಫ್ರಾನ್ಸ್ ಕಾನೂನಿಗೆ ಹೊಸ ಕೊಂಡಿ ಸೇರಿಸಿತು. ಮಾಲೀಕರ ಒಪ್ಪಿಗೆ ಪಡೆದು, ಒಂದು ರಕ್ಷಿತ ವಸ್ತುವನ್ನು ಅದು ಇರುವ ರಕ್ಷಿತ ಕಟ್ಟಡಕ್ಕೇ ಕಟ್ಟಿಹಾಕಬಹುದು. ಆಮೇಲೆ ಮನೆ ಯಾರ ಕೈಗೆ ಹೋದರೂ ಅನುಮತಿ ಇಲ್ಲದೆ ಅದನ್ನು ಅಲ್ಲಿಂದ ಕದಲಿಸುವಂತಿಲ್ಲ. ವಸ್ತುವಿಗೂ ಜಾಗಕ್ಕೂ ಇರುವ ನಂಟನ್ನೇ ಕಾನೂನು ಕಾಯತೊಡಗಿತು. ನನಗೆ ಇದು ಬಹಳ ಇಷ್ಟವಾದ ಹೆಜ್ಜೆ.

ನಮ್ಮಲ್ಲೇ ಇರುವ ಕೀಲಿ

ಇಂಥದ್ದು ನಮ್ಮಲ್ಲಿ ಇಲ್ಲ ಅಂದುಕೊಂಡಿದ್ದೆ. 1958ರ ಕಾಯ್ದೆಯನ್ನು ಪೂರ್ತಿ ಓದಿದಾಗ 25ನೇ ಕಲಮಿನಲ್ಲಿ ಕಣ್ಣು ನಿಂತಿತು. ಒಂದು ಪುರಾವಸ್ತು, ಅಥವಾ ಒಂದು ಬಗೆಯ ಪುರಾವಸ್ತುಗಳು, ಇದ್ದ ಜಾಗದಿಂದ ಕದಲಬಾರದು ಅನ್ನಿಸಿದರೆ, ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಲಿಖಿತ ಅನುಮತಿ ಇಲ್ಲದೆ ಕದಲಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಕಟ್ಟಡ ಸಂರಕ್ಷಿತ ಆಗಿರಬೇಕು ಅನ್ನುವ ಷರತ್ತು ಅಲ್ಲಿಲ್ಲ. ಒಂದು ಜಿಲ್ಲೆಯ ಛತ್ರ, ಮಂಟಪ, ಚಾವಡಿಗಳ ಬಾಗಿಲ ಶಿಲ್ಪಗಳನ್ನು ಒಂದು ಬಗೆ ಅಂತ ಹೆಸರಿಸಿ ಇದನ್ನು ಬಳಸಬಹುದು. ಕಲ್ಲು ಕದಲಬಾರದು ಅಂದರೆ ಅದರ ಮೇಲಿನ ಗೋಡೆಯನ್ನು ಕೆಡವುವುದಾದರೂ ಹೇಗೆ? ಗಜಲಕ್ಷ್ಮಿಯ ಕಲ್ಲು ತಾನು ಹೊತ್ತ ಮನೆಯನ್ನು ಕಾನೂನಿನಲ್ಲೂ ಹೊರಬಹುದು.

ಇದರಿಂದ ಮಾಡು ಸೋರುವುದು ನಿಲ್ಲುವುದಿಲ್ಲ, ಗೊತ್ತು. ಅದಕ್ಕೆ ದುಡ್ಡು ಬೇಕು. ಹಳೇ ದೇವಸ್ಥಾನಗಳ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಒಳ್ಳೆಯ ಅನುಭವ ಇದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ, ಊರಿನವರು, ಮೂವರೂ ಪಾಲು ಹಾಕಿ ಯಾವ ಪಟ್ಟಿಯಲ್ಲೂ ಇಲ್ಲದ ಎಷ್ಟೋ ದೇವಸ್ಥಾನಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಆ ಲೆಕ್ಕಾಚಾರದಲ್ಲಿ ಛತ್ರಕ್ಕೂ ಒಂದು ಕಾಲಂ ಸೇರಿಸುವುದು ಕಷ್ಟದ ಕೆಲಸ ಅಲ್ಲ. ಹಾಗೆ ರಿಪೇರಿಯಾದ ಛತ್ರದಲ್ಲಿ ಮತ್ತೆ ಜನ ಮಲಗಬೇಕು ಅನ್ನುವುದನ್ನು ಷರತ್ತಾಗಿಯೇ ಬರೆಯಬೇಕು. ನಾಲ್ಕು ಕೋಣೆ, ಬಿಸಿನೀರು, ಕಡಿಮೆ ಬಾಡಿಗೆ. ಜಾತ್ರೆಗೆ ಬರುವ ಸಂಸಾರಗಳು ಲಾಡ್ಜಿನ ರೇಟು ಕೇಳಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಊರಿನವರು ಯಾರನ್ನೂ ಕಾಯದೆ ಮಾಡಬಹುದಾದದ್ದೂ ಇದೆ. ಶಿಲ್ಪದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿದು ಎದುರಿನಿಂದ, ಎರಡೂ ಪಕ್ಕದಿಂದ, ಇಡೀ ಬಾಗಿಲು ಕಾಣುವ ಹಾಗೆ ಫೋಟೋ ತೆಗೆದು ದಿನಾಂಕ ಬರೆದಿಡುವುದು. ಅದನ್ನು ಒಂದು ಅರ್ಜಿಯ ಜೊತೆ ನೋಂದಣಿ ಅಧಿಕಾರಿಗೆ ಕೊಡುವುದು. ಜಗಲಿಗೆ ಸಿಮೆಂಟ್ ಹಾಕಿಸಲು ಯಾರಾದರೂ ದಾನಿ ಮುಂದೆ ಬಂದರೆ, ಅದೇ ದುಡ್ಡಿನಲ್ಲಿ ಹಂಚು ತಿರುವಿಸಿ ಅಂತ ಕೈಮುಗಿದು ಕೇಳುವುದು.

ಇದನ್ನೆಲ್ಲ ಓದಿಕೊಂಡು ಹೋದ ತಿಂಗಳು ಮತ್ತೆ ಆ ಛತ್ರಕ್ಕೆ ಹೋಗಿದ್ದೆ. ಫೋಟೋಗಳನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಹಿರಿಯರು ಕನ್ನಡಕ ಏರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಬಲಗಡೆಯ ಆನೆಯ ಪಕ್ಕದ ತೂತನ್ನು ಫೋಟೋದಲ್ಲಿ ಕಂಡವರು ಎದ್ದುಹೋಗಿ ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಆಮೇಲೆ ಒಳಗಿಂದ ಒಂದು ಸ್ಟೂಲು ತಂದು, ದೇವಿಯ ತಲೆಯ ಮೇಲಿಂದ ಹಾದಿದ್ದ ವೈರನ್ನು ಬಿಡಿಸಿ, ಪಕ್ಕದ ಮರದ ಕಂಬದ ಮೊಳೆಗೆ ಸುತ್ತಿದರು.

"ಅರ್ಜಿ ಅಂದ್ರಲ್ಲ ಸ್ವಾಮಿ," ಅಂದರು ಸ್ಟೂಲಿನ ಮೇಲಿಂದಲೇ. "ಅಮ್ಮಂದು ಒಂದು, ಮನೇದು ಒಂದು ಅಂತ ಎರಡು ಬರೀಬೇಕಾ, ಇಲ್ಲ ಒಂದರಲ್ಲೇ ಆಗುತ್ತಾ?"